ಬಸವರಾಜನ ಮಂಡಕ್ಕಿ ಮಿರ್ಚಿ

ಬಸವರಾಜನ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿದ್ದು ಜಗಳೂರಿನ ಒಂದು ಆಫೀಸಿನಲ್ಲಿ. ಇಬ್ಬರದೂ ಒಂದೇ ಕೆಲಸ. ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಜೋಡಿಸುವ ನೆಟ್‌ವರ್ಕ್ ಸ್ವಿಚ್ ಕೆಟ್ಟರೆ ಹೋಗಿ ಬಿಡಿಭಾಗ ಬದಲಿಸುತ್ತೇವೆ. ಅಲ್ಲಿನ ಸ್ವಿಚ್ಚಿಗೆ ಎರಡು ಪವರ್ ಸಪ್ಲೈ, ಒಂದು ಸತ್ತಿತ್ತು. ಸತ್ತದ್ದನ್ನಷ್ಟೇ ಕಿತ್ತು ಹೊಸದನ್ನು ಕೂರಿಸಿದರೆ, ಇನ್ನೊಂದು ಸ್ವಿಚ್ಚನ್ನು ನಡೆಸುತ್ತಿರುವುದರಿಂದ ಯಾರ ಕೆಲಸವೂ ನಿಲ್ಲುವುದಿಲ್ಲ. ನಾನು ಹಾಗೇ ಮಾಡಿ, ಫ್ಯಾನಿನ ಧೂಳನ್ನೂ ತೆಗೆದು, ಯಾರಾದರೂ ಒಂದು ಒಳ್ಳೆ ಮಾತಾಡಲಿ ಅಂತ ನಿಂತೆ.

ಕ್ಲರ್ಕ್ ರಜಿಯಾ ಮೇಡಂ ತಲೆ ಎತ್ತಿ, "ಯಾವಾಗ ಶುರು ಮಾಡ್ತೀರಿ?" ಅಂದರು.

"ಮುಗೀತ್ರೀ."

"ಗೊತ್ತೇ ಆಗ್ಲಿಲ್ಲಲ್ರೀ! ಹೋದ್ಸಲ ನಿಮ್ಮ ಬಸವರಾಜ್ ಸರ್ ಬಂದಾಗ ಇಡೀ ಆಫೀಸು ಬಂದ್. ಪಾಪ, ಊಟಾನೂ ಬಿಟ್ಟು, ಬೆವರು ಸುರಿಸ್ಕೊಂಡು ಸಾಯಂಕಾಲಕ್ಕೆ ಸರಿ ಮಾಡಿದ್ರು. ನಾವೇ ಮಂಡಕ್ಕಿ ಮಿರ್ಚಿ ತರ್ಸಿ ತಿನ್ನಿಸಿದ್ವಿ. ಅಂಥೋರು ಎಲ್ಲಿ ಸಿಗ್ತಾರ್ರೀ?"

ಅವತ್ತು ಆ ಪುಣ್ಯಾತ್ಮ ಸತ್ತದ್ದನ್ನು ಬಿಟ್ಟು ಚೆನ್ನಾಗಿದ್ದ ಪವರ್ ಸಪ್ಲೈಯನ್ನೇ ಕಿತ್ತಿದ್ದ. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ, "ಅವರು ಆರಾಮಿದಾರಾ? ಈ ಕಡೆ ಒಮ್ಮೆ ಬರಾಕೆ ಹೇಳ್ರಿ," ಅಂದರು. ಮಿರ್ಚಿ ತಿನ್ನದೆಯೇ ನನ್ನ ಹೊಟ್ಟೆ ಉರಿಯಿತು.

"ಹೇಳ್ತೀನ್ರೀ" ಅಂದು, ನಾನೇ ಬಗ್ಗಿಸಿಕೊಂಡು ಒಂದು ಲೋಟ ನೀರು ಕುಡಿದು, ಬಸ್ ಸ್ಟ್ಯಾಂಡಿಗೆ ನಡೆದೆ.

ಮುಂದಿನ ವಾರ ಹೊನ್ನಾಳಿಯ ಒಂದು ಆಫೀಸಿನಲ್ಲಿ ಇದೇ ಕೆಲಸ ಇದೆ. ಯಾವ ಪವರ್ ಸಪ್ಲೈ ಕೀಳಬೇಕು ಅಂತ ಇನ್ನೂ ಯೋಚಿಸುತ್ತಿದ್ದೇನೆ.