ಬಿಲ್ಲಿನ ಸದ್ದು ನಿಂತಾಗ

ಠಂಯ್, ಠಂಯ್, ಠಂಯ್. ಗೋಡೆಯಾಚೆ ಪಿಂಜಾರ ಮುರ್ತುಜಾಸಾಬನ ಬಿಲ್ಲು ಹತ್ತಿ ಹಿಂಜತೊಡಗಿತ್ತು. ಕುಕನೂರಿನ ಆ ಓಣಿಗೆ ಬೆಳಗಾಗುವುದೇ ಆ ಸದ್ದಿನಿಂದ. ಮೊದಲಾಗಿದ್ದರೆ ಅಷ್ಟು ಹೊತ್ತಿಗೆ ವಿರೂಪಾಕ್ಷಮ್ಮ ಪಡಸಾಲೆಯ ಕಂಬಕ್ಕೆ ಒರಗಿ, ಮೊರದಲ್ಲಿ ಜೋಳ ಹಸನು ಮಾಡುತ್ತ, ಹೋಗಿ ಬರುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಈಗ ಒಂದೂವರೆ ತಿಂಗಳಿಂದ ಅವಳು ಹಿಂದಿನ ಕಾಳಿನ ಕೋಣೆ ಸೇರಿದ್ದಳು. ಕೇಳಿದವರಿಗೆ ಮೊಣಕಾಲು ನೋವೆಂದು ಹೇಳಿಸುತ್ತಿದ್ದಳು.

ಯಲಬುರ್ಗಿಯಿಂದ ಈ ಮನೆಗೆ ಬಂದಾಗ ಅವಳಿಗೆ ಹನ್ನೊಂದು ವರ್ಷ, ಈಗ ಅರವತ್ತೆರಡು. ಗಂಡ ಕರಿಬಸಪ್ಪನಿಗೆ ಪೇಟೆಯಲ್ಲಿ ಕಾಳುಕಡಿಯ ಅಂಗಡಿ. ಯಾವ ಚೀಲ ಬಂದರೂ ಒಂದು ಮುಷ್ಟಿ ಕಾಳು ಮೊದಲು ಇವಳ ಕೈಗೆ ಬರಬೇಕು. ಬೆರಳಲ್ಲಿ ಹೊರಳಿಸಿ, ಇದು ಒಣಗಿದೆ, ಇದಕ್ಕೆ ಇನ್ನೆರಡು ಬಿಸಿಲು ಬೇಕು ಎನ್ನುತ್ತಿದ್ದಳು. ಓಣಿಯಲ್ಲಿ ಯಾರ ಮನೆಯ ಬಸಿರಿಯ ಕುಬಸವಾದರೂ ಮೊದಲ ಉಡಿ ತುಂಬುವುದು ಅವಳೇ. ಅವಳು ತುಂಬಿದ ಉಡಿಯಿಂದ ಎಷ್ಟು ತೊಟ್ಟಿಲು ತೂಗಿದವೋ ಅವಳಿಗೂ ನೆನಪಿಲ್ಲ.

ಎರಡು ವರ್ಷದ ಹಿಂದೆ ಮೆಣಸಿನಕಾಯಿ ಕುಟ್ಟುವಾಗ ಸೀನು ಬಂದು ಸೀರೆ ನಾಲ್ಕು ಹನಿ ತೊಯ್ದಿತ್ತು. ನಕ್ಕು ಸುಮ್ಮನಾಗಿದ್ದಳು. ಈ ಚಳಿಗಾಲದ ಹೊತ್ತಿಗೆ ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲೇ ತಡೆಯಲಾಗದೆ ಹೋಗುತ್ತಿತ್ತು. ಯಾರಿಗೂ ಹೇಳದೆ ಸೀರೆಯ ಒಳಗೆ ಅರಿವೆ ಮಡಿಚಿಟ್ಟುಕೊಂಡಳು. ಒಗೆದರೆ ಕಂಡೀತೆಂದು ತೊಯ್ದದ್ದನ್ನು ಜೋಳದ ಚೀಲಗಳ ಹಿಂದೆ ಒಣಗಿಸಿ ಅದನ್ನೇ ಮತ್ತೆ ಇಟ್ಟುಕೊಂಡಳು. ಚರ್ಮ ಕೆಂಪಾಯಿತು, ಉರಿಯಿತು, ಕೊನೆಗೆ ಒಡೆಯಿತು. ಒಂದು ಸಂಜೆ ಅವಳು ಕೂರಲಾಗದೆ ತುಟಿ ಕಚ್ಚಿದ್ದನ್ನು ಸೊಸೆ ಬಸವಣ್ಣೆಮ್ಮ ನೋಡಿಬಿಟ್ಟಳು.

ಸೊಸೆ ಬೈಯಲಿಲ್ಲ, ಮೂಗು ಮುಚ್ಚಲಿಲ್ಲ. ಅಂದಿನಿಂದ ತಾನೇ ತೊಳೆಯಲು ನಿಂತಳು. ಆದರೆ ಹೇಗೆ ತೊಳೆಯಬೇಕೆಂದು ಹೇಳುವವಳು ವಿರೂಪಾಕ್ಷಮ್ಮ.

"ಇನ್ನೊಂದೀಟು ಸೌಳು ಹಾಕು. ಗಟ್ಟಿಯಾಗಿ ತಿಕ್ಕು ಯವ್ವಾ. ಕೊರಳಾಗ ಲಿಂಗ ಐತಿ, ಮೈ ಮೈಲಿಗಿ ಇರಬಾರದು."

ಬಟ್ಟೆ ಒಗೆಯುವ ಸೌಳು ಮಣ್ಣಿನಿಂದ, ಕುದಿಯುವ ನೀರಿನಿಂದ ದಿನಕ್ಕೆ ನಾಲ್ಕು ಸಲ. ಸೊಸೆಯ ಕೈ ಹಿಂಜರಿಯುತ್ತಿತ್ತು, ಅತ್ತೆಯ ಮಾತು ಹಿಂಜರಿಯುತ್ತಿರಲಿಲ್ಲ. ಜೊತೆಗೆ ವಿರೂಪಾಕ್ಷಮ್ಮ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಬೆಳಿಗ್ಗೆ ಒಂದು ಗುಟುಕು, ಸಂಜೆ ಅರ್ಧ ತಂಬಿಗೆ. ಒಳಗೆ ಹೋಗದಿದ್ದರೆ ಹೊರಗೆ ಬರುವುದೆಲ್ಲಿಂದ ಎಂಬುದು ಅವಳ ಲೆಕ್ಕ.

ಮೊಮ್ಮಗಳು ಶಾಂತಕ್ಕ ಚೊಚ್ಚಲ ಬಸಿರಿ, ಕನಕಗಿರಿಯಿಂದ ತವರಿಗೆ ಬಂದಿದ್ದಳು. ಕುಬಸಕ್ಕೆ ಇನ್ನು ಇಪ್ಪತ್ತೆರಡು ದಿನ.

"ಆಯಿ, ಮೊದಲ ಉಡಿ ನೀನ ತುಂಬಬೇಕು," ಎಂದಳು ಶಾಂತಕ್ಕ.

"ನಿಮ್ಮವ್ವ ತುಂಬತಾಳ ಬಿಡು." ವಿರೂಪಾಕ್ಷಮ್ಮ ಗೋಡೆಯ ಕಡೆ ಹೊರಳಿದಳು. ಮೊಮ್ಮಗಳು ಹೋದ ಮೇಲೆ ಸೊಸೆಗೆ ಮೆಲ್ಲಗೆ ಹೇಳಿದಳು: "ಜಮಖಾನದ ಮ್ಯಾಲ ಕೂತು ಏಳೂದರಾಗ ಹಸಿ ಕಲಿ ಬಿದ್ದಿತ್ತಂದ್ರ, ಬೀಗರ ಮುಂದ ನನ್ನ ಮಾರಿ ಎಲ್ಲಿಟ್ಟಗೊಳ್ಳಿ?"

ಮಾರನೆಯ ದಿನ ಸೂಲಗಿತ್ತಿ ಕರಿಯವ್ವ ಶಾಂತಕ್ಕನ ಹೊಟ್ಟೆ ಮುಟ್ಟಿ ನೋಡಲು ಬಂದಳು. ಬಸವಣ್ಣೆಮ್ಮ ಅವಳ ಮೊಣಕೈ ಹಿಡಿದು ನೇರ ಕಾಳಿನ ಕೋಣೆಗೆ ಕರೆದೊಯ್ದಳು. ಕರಿಯವ್ವ ಗಾಯ ನೋಡಿದಳು, ಮೂಲೆಯಲ್ಲಿದ್ದ ಸೌಳಿನ ಮಡಕೆಯನ್ನೂ ನೋಡಿದಳು.

"ಅವ್ವಾರ, ಒಂದು ಕೇಳ್ತೀನಿ. ಹುಟ್ಟಿದ ಕೂಸು ದಿನಕ್ಕ ಹತ್ತು ಸಲ ಹಸಿ ಮಾಡ್ಕೊಂತೈತಿ. ಹತ್ತೂ ಸಲ ಅದರ ಕುಂಡಿಗೆ ಸೌಳು ಹಚ್ಚಿ ತಿಕ್ಕತೀರೇನು?"

"ಕೂಸಿನ ಮೈ ಎಳೇದು ಬೇ."

"ನಿಮ್ಮ ಮೈ ಏನು ಎಮ್ಮಿ ತೊಗಲೇನ್ರಿ? ವಯಸ್ಸಾದಂಗ ಉಳ್ಳಾಗಡ್ಡಿ ಸಿಪ್ಪಿ ಆಗೈತಿ. ಉಚ್ಚಿ ಸುಟ್ಟಿದ್ದು ಅರ್ಧ, ನೀವು ತಿಕ್ಕಿಸಿಕೊಂಡಿದ್ದು ಅರ್ಧ."

ವಿರೂಪಾಕ್ಷಮ್ಮ ಸೊಸೆಯ ಮುಖ ನೋಡಿದಳು. ಬಸವಣ್ಣೆಮ್ಮ ಸೆರಗಿನ ಅಂಚು ತಿರುವುತ್ತ ನಿಂತಿದ್ದಳು. ಇಷ್ಟು ದಿನ ಆ ಕೈ ಯಾಕೆ ಹಿಂಜರಿಯುತ್ತಿತ್ತೆಂದು ಅತ್ತೆಗೆ ಈಗ ತಿಳಿಯಿತು.

ಕರಿಯವ್ವ ಅಟ್ಟದಿಂದ ಬಾಣಂತಿಯ ಹೊರಸನ್ನು ಇಳಿಸಿದಳು. ಶಾಂತಕ್ಕನಿಗೆಂದು ಕಾದಿದ್ದ, ನುಲಿ ಹೆಣೆದ ಹಗುರ ಮಂಚ. ಅದರ ಸಂದುಗಳಲ್ಲಿ ಕೆಳಗಿನಿಂದ ಗಾಳಿ ಆಡುತ್ತದೆ. ಬಾಣಂತಿಗಾದರೆ ಕೆಳಗೆ ಕೆಂಡ ಇಡುತ್ತಾರೆ. ಇವರಿಗೆ ಬರೀ ಗಾಳಿ ಸಾಕು ಎಂದಳು. ಹೊರಸನ್ನು ಅಂಗಳದಲ್ಲಿ ಕೊಡವುವಾಗ ಎದುರು ಮನೆಯ ಗಾಳೆಮ್ಮ ಇಣುಕಿದಳು.

"ಶಾಂತಕ್ಕಗ ಇನ್ನೂ ಭಾಳ ದಿನ ಐತೆಲ್ರಿ? ಈಗ ಯಾರು ಬಾಣಂತಿ?"

ಬಸವಣ್ಣೆಮ್ಮ ಹೊರಸನ್ನು ಇನ್ನಷ್ಟು ಜೋರಾಗಿ ಕೊಡವಿದಳು. ಒಳಗಿನಿಂದ ವಿರೂಪಾಕ್ಷಮ್ಮನ ದನಿ ಬಂತು: "ನಾನವ್ವ. ಹೆಸರಿಡಾಕ ನೀನ ಬಾ."

ಗಾಳೆಮ್ಮ ನಕ್ಕಳು, ಸೂಲಗಿತ್ತಿ ನಕ್ಕಳು, ಬಸವಣ್ಣೆಮ್ಮ ಹೊರಸನ್ನು ಅಲ್ಲೇ ಇಳಿಸಿ ಹೊಟ್ಟೆ ಹಿಡಿದುಕೊಂಡಳು. ಒಂದೂವರೆ ತಿಂಗಳ ಮೇಲೆ ಅತ್ತೆಯ ದನಿ ಅಂಗಳಕ್ಕೆ ಬಂದಿತ್ತು.

ಸೌಳಿನ ಮಡಕೆ ಹಿತ್ತಲು ಸೇರಿತು. ಈಗ ಬೆಚ್ಚಗಿನ ನೀರು, ಮೃದುವಾದ ಅರಿವೆ. ತೊಳೆದ ಮೇಲೆ ಒರೆಸುವುದಿಲ್ಲ, ಅರಿವೆ ಒತ್ತಿ ನೀರು ಹೀರಿಸುವುದು. ಮಧ್ಯಾಹ್ನ ಬಾಗಿಲು ಮುಚ್ಚಿಕೊಂಡು ಹೊರಸಿನ ಮೇಲೆ ಮೈಗೆ ಗಾಳಿ ಕೊಟ್ಟು ಮಲಗುವುದು. ಕರಿಯವ್ವ ಕಂಚಿನ ತಾಟಿನಲ್ಲಿ ಬೆಣ್ಣೆ ಇಟ್ಟು, ತಣ್ಣೀರು ಹಾಕಿ ಅಂಗೈಯಿಂದ ನಾದಿ, ನೀರು ಚೆಲ್ಲಿ, ಮತ್ತೆ ಹಾಕಿ ನಾದಿ, ಹಿಂಜಿದ ಹತ್ತಿಯಂತೆ ಬೆಳ್ಳಗಾಗುವ ತನಕ ತೊಳೆದುಕೊಟ್ಟಳು. ಅದನ್ನು ತೆಳ್ಳಗೆ ಸವರಿದಾಗ ವಿರೂಪಾಕ್ಷಮ್ಮ ಕಣ್ಣು ಮುಚ್ಚಿ, "ಉರಿ ಇಳೀತು ಬೇ," ಎಂದಳು.

ಅದು ಎರಡನೆಯ ದೊಡ್ಡ ಲಡಾಯಿಯ ಕಾಲ, ಪೇಟೆಯಲ್ಲಿ ಹೊಸ ಬಟ್ಟೆ ಸಿಗುತ್ತಿರಲಿಲ್ಲ. ಇವರಿಗೆ ಹೊಸದು ಬೇಕಿರಲೂ ಇಲ್ಲ. ಕರಿಬಸಪ್ಪನ ಹಳೆಯ ಧೋತರವೊಂದು ಹತ್ತು ತುಂಡಾಯಿತು. ಸೌಳಿನಲ್ಲಿ ಒಗೆದರೂ ಮೂರು ನೀರಿನಲ್ಲಿ ಜಾಲಿಸಿ, ಸೌಳಿನ ಜಾರು ಬೆರಳಿಗೆ ಹತ್ತುವುದು ನಿಂತ ಮೇಲೆ ಬಿಸಿಲಿಗೆ ಹರವುತ್ತಿದ್ದರು. ತುಂಡುಗಳ ನಡುವೆ ಇಡಲು ಮುರ್ತುಜಾಸಾಬನ ಹತ್ತಿ. ಯಾತಕ್ಕೆಂದು ಅವನು ಕೇಳಿದಾಗ ಬಸವಣ್ಣೆಮ್ಮ ಕೂಸಿನ ಗಾದಿಗೆ ಎಂದಳು. ಅವನು ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸಿ ಕೊಟ್ಟ.

"ನನ್ನ ಧೋತರ ಎಲ್ಲಿ?" ಎಂದು ಕರಿಬಸಪ್ಪ ಎರಡು ದಿನ ಹುಡುಕಿದ.

"ಅದಕ್ಕ ನಿಮಗಿಂತ ಹೆಚ್ಚಿನ ನೌಕರಿ ಸಿಕ್ಕೈತಿ," ಎಂದಳು ಹೆಂಡತಿ.

ನೀರು ಬಿಟ್ಟರೆ ಮೂತ್ರ ಖಾರವಾಗುತ್ತದೆ, ಕುಡಿಯಿರಿ ಎಂದಿದ್ದಳು ಕರಿಯವ್ವ. ತೊಯ್ಯುವ ತನಕ ಕಾಯಬೇಡಿ, ಮೊದಲೇ ಎದ್ದು ಹೋಗಿಬನ್ನಿ ಎಂದೂ ಹೇಳಿದ್ದಳು. ಎಷ್ಟು ಹೊತ್ತಿಗೆ ಏಳಬೇಕು? ಮನೆಯಲ್ಲಿದ್ದ ಒಂದೇ ಗಡಿಯಾರ ಕರಿಬಸಪ್ಪನ ಜೇಬಿನಲ್ಲಿ ಅಂಗಡಿಗೆ ಹೋಗುತ್ತಿತ್ತು. ಹೊರಸಿನ ಮೇಲೆ ಮಲಗಿ ಬಿಲ್ಲಿನ ಸದ್ದು ಕೇಳುತ್ತಿದ್ದ ವಿರೂಪಾಕ್ಷಮ್ಮನಿಗೆ ಮೂರನೆಯ ದಿನ ಹೊಳೆಯಿತು: ಮುರ್ತುಜಾಸಾಬ ಒಂದು ಗುಡ್ಡೆ ಹತ್ತಿ ಹಿಂಜಿ ಮುಗಿಸಿ ಬೀಡಿ ಸೇದಲು ಏಳುತ್ತಾನೆ. ಸದ್ದು ನಿಂತು ಅವನು ಎದ್ದಾಗ ತಾನೂ ಎದ್ದು ಹಿತ್ತಲಿಗೆ ಹೋದಳು. ಸಂಜೆ ನೋಡಿದರೆ ಅರಿವೆ ಒಣಗಿಯೇ ಇತ್ತು. ಅವನು ಬಿಲ್ಲು ಮುಟ್ಟದ ಶುಕ್ರವಾರ ಆರು ಮೊರ ಜೋಳ ಹಸನು ಮಾಡಿ ಏಳುವುದು. ಒಮ್ಮೊಮ್ಮೆ ತಪ್ಪುತ್ತಿತ್ತು. ತಪ್ಪಿದರೆ ಅರಿವೆಯಿತ್ತು, ಬೆಣ್ಣೆಯಿತ್ತು, ಸೊಸೆಯ ಕೈಯಿತ್ತು. ಆ ಕೈ ಈಗ ಹಿಂಜರಿಯುತ್ತಿರಲಿಲ್ಲ. ಹದಿನೈದನೆಯ ದಿನ ಗಾಯ ಕೂಡಿಕೊಂಡು ಹೊಸ ಚರ್ಮ ಬಂತು.

ಕುಬಸದ ಬೆಳಿಗ್ಗೆ ಮುರ್ತುಜಾಸಾಬ ಬಾಗಿಲಿಗೆ ಬಂದು ನಿಂತ. "ನಿಮ್ಮ ಮನ್ಯಾಗ ಕಾರ್ಯ ಐತಿ, ಇವತ್ತ ಬಿಲ್ಲು ಹಿಡಿಯೂದಿಲ್ರಿ ಯಜಮಾನ್ರ."

"ಛಲೋ ಆತು," ಎಂದ ಕರಿಬಸಪ್ಪ.

ವಿರೂಪಾಕ್ಷಮ್ಮ ತಲೆ ಬಾಚುತ್ತಿದ್ದವಳು ಹಾಗೇ ಹೊರಗೆ ಬಂದಳು. "ಮುರ್ತುಜಾ, ನಿನ್ನ ಬಿಲ್ಲು ಇಲ್ಲಂದ್ರ ಮನಿ ಬಿಕೋ ಅಂತೈತಿ. ಹಿಡಿಯಪ್ಪಾ, ದಿನದಂಗ ಹಿಡಿ."

ಅವನು ಗಡ್ಡ ಸವರಿಕೊಂಡು, ಆಗಲಿ ಎಂದು ಹೋದ. ಕರಿಬಸಪ್ಪ ಹೆಂಡತಿಯನ್ನೇ ನೋಡುತ್ತ ನಿಂತ. ಬಸವಣ್ಣೆಮ್ಮ ನಗು ತಡೆಯಲು ಅಡುಗೆಮನೆಗೆ ಓಡಿದಳು.

ಪಡಸಾಲೆಯಲ್ಲಿ ಜಮಖಾನ ಹಾಸಿದ್ದರು. ಬಿಲ್ಲು ಮೀಟತೊಡಗಿದಾಗ ವಿರೂಪಾಕ್ಷಮ್ಮ ಹಸಿರು ಇಳಕಲ್ ಸೀರೆಯುಟ್ಟು ಕಂಬಕ್ಕೆ ಒರಗಿ ಕೂತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ, ಅಡಿಕೆ. ಮೊಮ್ಮಗಳ ಸೆರಗಿಗೆ ಮೊದಲ ಉಡಿ ತುಂಬಿ ಅವಳ ಕೆನ್ನೆ ಸವರಿದಳು. ಶಾಂತಕ್ಕ ಬಾಗಿ ಕಾಲು ಮುಟ್ಟಿದಾಗ ಅಜ್ಜಿಗೆ ತನ್ನ ಮೈಯ ನೆನಪೇ ಇರಲಿಲ್ಲ.

ಬೀಗಿತಿ ಸುಂಕಲಮ್ಮ ಪಕ್ಕಕ್ಕೆ ಸರಿದು ಕೂತಳು. "ನಿಮಗ ಮೊಣಕಾಲು ಬ್ಯಾನಿ, ಏಳಾಕ ಬರೂದಿಲ್ಲ ಅಂತ ಕನಕಗಿರಿಗೇ ಸುದ್ದಿ ಬಂದಿತ್ತು. ಇಲ್ಲಿ ನೋಡಿದ್ರ ಮದುವಣಗಿತ್ತಿ ಆಗೀರಿ. ಏನು ಔಷಧ ಮಾಡಿದ್ರಿ?"

"ಔಷಧಿ ಏನಿಲ್ಲ ಸುಂಕಲಮ್ಮಾರ. ಐವತ್ತೊಂದು ವರ್ಷ ಎಲ್ಲಾರಿಗೂ ನಾನ ಬುದ್ಧಿ ಹೇಳ್ಕೊಂತ ಬಂದಿದ್ದೆ. ಈ ಸಲ ನಮ್ಮ ಸೊಸಿ ಒಬ್ಬಾಕಿನ್ನ ಕರಕೊಂಡು ಬಂದ್ಲು. ಆಕಿ ಬಂದಾಕಿನ ಏನು ಕೇಳಿದ್ಲು ಗೊತ್ತೇನು..."

ಗೋಡೆಯಾಚೆ ಬಿಲ್ಲು ನಿಂತಿತು.

ವಿರೂಪಾಕ್ಷಮ್ಮ ಕಂಬ ಹಿಡಿದು ಎದ್ದಳು. ಜಮಖಾನದ ಕಡೆ ತಿರುಗಿ ನೋಡಲಿಲ್ಲ.

"ಏನು ಕೇಳಿದ್ಲು? ಮಾತು ಅರ್ಧಕ್ಕ ಬಿಟ್ಟು ಎಲ್ಲಿಗ್ರಿ?" ಎಂದಳು ಸುಂಕಲಮ್ಮ.

"ಉಳಿದರ್ಧ ನೀವು ಹಿಡಕೊಂಡು ಕೂಡ್ರಿ," ಎನ್ನುತ್ತ ಅವಳು ಹೆಂಗಸರ ನಡುವೆ ದಾರಿ ಮಾಡಿಕೊಂಡು, ನೆರಿಗೆ ತುಸು ಎತ್ತಿ ಹಿಡಿದು, ಅವಸರವಿಲ್ಲದೆ ಹಿತ್ತಲಿನ ಕಡೆ ನಡೆದಳು.