ಕೂರಲಾರದ ಕುರ್ಚಿ ಮೇಸ್ತ್ರಿ

ಕೈ ಮುರಿದುಕೊಂಡವನಿಗೆ ಸಿಗುವ ಮರ್ಯಾದೆಯೇ ಬೇರೆ. ಬಿಳಿ ಪಟ್ಟಿ ಸುತ್ತಿದ ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಬೀದಿಗಿಳಿದರೆ ಸಾಕು, ಎದುರಾದವರೆಲ್ಲ ನಿಂತು ವಿಚಾರಿಸುತ್ತಾರೆ, ಬಸ್ಸಿನಲ್ಲಿ ಎದ್ದು ಜಾಗ ಬಿಡುತ್ತಾರೆ. ಮೇಸ್ತ್ರಿಗೆ ಆಪರೇಷನ್ ಆಗಿದ್ದ ಜಾಗವನ್ನು ಕೊರಳಿಗೆ ನೇತುಹಾಕಿಕೊಳ್ಳುವ ಹಾಗಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಎದ್ದು ಜಾಗ ಬಿಟ್ಟರಂತೂ ಅವನ ಕಣ್ಣಲ್ಲಿ ನೀರೇ ಬರುತ್ತಿತ್ತು. ಅದು ಕೃತಜ್ಞತೆಯ ನೀರಲ್ಲ.

ಹೇಳಿಕೊಳ್ಳೋಣವೆಂದರೆ ಆ ಕಾಯಿಲೆಗೆ ನಾಲ್ಕು ಜನರ ಮುಂದೆ ಹೇಳುವಂಥ ಹೆಸರೂ ಇರಲಿಲ್ಲ. ಮಲದ್ವಾರದಲ್ಲಿ ಬಿರುಕು. ಡಾಕ್ಟರು ಅದನ್ನು ಫಿಷರ್ ಎನ್ನುತ್ತಿದ್ದರು. ಹೆಂಡತಿ "ಅಲ್ಲಿ" ಎನ್ನುತ್ತಿದ್ದಳು. ಪಕ್ಕದ ಗ್ಯಾರೇಜಿನವನು ಮಾತ್ರ ಸ್ಪ್ಯಾನರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ, "ಏನ್ ಮೇಸ್ತ್ರಿಗಳೇ, ಮೂಲವ್ಯಾಧಿ ಹೆಂಗಿದೆ?" ಎಂದು ಕೂಗುತ್ತಿದ್ದ.

"ಮೂಲವ್ಯಾಧಿ ಅಲ್ಲಯ್ಯಾ, ಬಿರುಕು!"

"ಎಲ್ಲಾ ಒಂದೇ ಏರಿಯಾ ಬಿಡಿ."

ಒಂದೇ ಏರಿಯಾ ಅಂತೆ. ನಿನ್ನ ಕಾರ್ಬುರೇಟರ್ ಹಾಳಾದಾಗ ನಾನು ಬಂದು ಸೈಲೆನ್ಸರ್ ಬಿಚ್ಚಿದರೆ ಸುಮ್ಮನಿರುತ್ತೀಯಾ ಎಂದು ಕೇಳಬೇಕೆನಿಸಿತ್ತು ಮೇಸ್ತ್ರಿಗೆ. ಆದರೆ ಜೋರಾಗಿ ಮಾತಾಡಿದರೂ ಅಲ್ಲಿ ಎಳೆಯುತ್ತಿತ್ತು. ಹಲ್ಲು ಕಚ್ಚಿಕೊಂಡು ಒಳಗೆ ಹೋಗಿದ್ದ.

ಬೇರೆ ಕಸುಬಿನವನಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ. ಮೇಸ್ತ್ರಿಯ ಕಸುಬೇ ಕುರ್ಚಿ, ಸೋಫಾಗಳಿಗೆ ಮೆತ್ತೆ ಕೂರಿಸುವುದು. ಊರಿನ ಅದೆಷ್ಟೋ ಪೃಷ್ಠಗಳು ಇವತ್ತಿಗೂ ಸುಖವಾಗಿರುವುದು ಅವನ ಕೈಗುಣದಿಂದ. ಅವನ ಅಂಗಡಿಗೆ ಒಂದು ಪದ್ಧತಿಯಿತ್ತು. ಯಾವ ಕುರ್ಚಿಯೇ ಆಗಲಿ, ಮೇಸ್ತ್ರಿ ಅದರ ಮೇಲೆ ಕೂತು ಪಾಸು ಮಾಡದೆ ಹೊಸ್ತಿಲು ದಾಟುವಂತಿರಲಿಲ್ಲ. ಅವನು ಕಣ್ಣು ಮುಚ್ಚಿ ಕೂರುತ್ತಿದ್ದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಭಾರ ಬಿಡುತ್ತಿದ್ದ. ಸ್ವಲ್ಪ ಹೊತ್ತು ಯಾರೂ ಮಾತಾಡಬಾರದು. ಆಮೇಲೆ ಎದ್ದು, ಕುರ್ಚಿಯನ್ನು ತಲೆಕೆಳಗು ಮಾಡಿ, ಅಡಿಯಲ್ಲಿ ಸೀಮೆಸುಣ್ಣದಿಂದ ಒಂದು ಗೀಟು ಎಳೆಯುತ್ತಿದ್ದ. ಗಿರಾಕಿಗಳು ಬಟ್ಟೆ, ಬಣ್ಣ ನೋಡುವ ಮೊದಲು ಕುರ್ಚಿ ಮಗುಚಿ ಆ ಗೀಟು ನೋಡುತ್ತಿದ್ದರು. ಹಾಡುವವನಿಗೆ ಗಂಟಲು ಹೇಗೋ ಮೇಸ್ತ್ರಿಗೆ ಅದು ಹಾಗೆ. ಗಂಟಲು ಕಟ್ಟಿದ ಗಾಯಕನ ಬಗ್ಗೆ ಲೋಕ ಮರುಗುತ್ತದೆ. ಇವನ ಬಗ್ಗೆ ಲೋಕ ನಗುತ್ತಿತ್ತು.

ಆಪರೇಷನ್ ಆದಮೇಲೆ ಸೀಮೆಸುಣ್ಣ ಭಾಮೈದನ ಕೈಗೆ ಹೋಯಿತು. ಹೆಂಡತಿಯ ತಮ್ಮ. ಕೆಲಸ ಬಲ್ಲವನೇ, ಹೊಲಿಗೆ ಅಚ್ಚುಕಟ್ಟು. ಆದರೆ ದೇವರು ಅವನಿಗೆ ಹುಟ್ಟಿನಿಂದಲೇ ಮೆತ್ತೆ ಕಟ್ಟಿ ಕಳಿಸಿದ್ದ. ಕಲ್ಲುಚಪ್ಪಡಿಯ ಮೇಲೆ ಕೂರಿಸಿದರೂ "ಆಹಾ" ಎನ್ನುವ ದೇಹ. ಊಟ ಮುಗಿಸಿ ಬಂದು ಕುರ್ಚಿಯ ಮೇಲೆ ಧೊಪ್ಪನೆ ಬೀಳುತ್ತಿದ್ದ, ತೂಕಡಿಕೆ ಬಂದರೆ ಪಾಸು. ತೂಕಡಿಕೆ ಬಾರದ ಕುರ್ಚಿಯೇ ಇರಲಿಲ್ಲ. ಮೇಸ್ತ್ರಿ ನಿಂತುಕೊಂಡು ಇದನ್ನೆಲ್ಲ ನೋಡಿ ಒಳಗೊಳಗೇ ಕುದಿಯುತ್ತಿದ್ದ. ಹೀಗೇ ಬಿಟ್ಟರೆ ಆ ಸೀಮೆಸುಣ್ಣ ತನ್ನ ಕೈಗೆ ಮತ್ತೆ ಬರುವುದಿಲ್ಲವೆಂದು ಅವನಿಗೆ ಗೊತ್ತಾಗಿಹೋಗಿತ್ತು. ಕೂರಲಾರದ ಕುರ್ಚಿ ಮೇಸ್ತ್ರಿ ಯಾರಿಗೆ ಬೇಕು?

ನೋವು ಹೋಗಬೇಕಿತ್ತು. ಹೋಗಲಿಲ್ಲ. ಆಪರೇಷನ್ ಮಾಡಿದ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಗ್ಲೌಸು ಕಳಚುತ್ತಾ, "ಗಾಯ ಪೂರ್ತಿ ಮಾಗಿದೆ. ನೋವು ಇರಬಾರದು" ಎಂದರು.

"ಇರಬಾರದು ಸರಿ. ಆದ್ರೆ ಇದೆಯಲ್ಲ ಡಾಕ್ಟ್ರೇ."

"ಮನಸ್ಸಿಗೆ ಹಚ್ಕೋಬೇಡಿ."

"ನಾನು ಕೂರೋದು ಮನಸ್ಸಿನ ಮೇಲಲ್ಲ ಸ್ವಾಮಿ!"

ಡಾಕ್ಟರು ನಕ್ಕು ಮುಂದಿನ ರೋಗಿಯನ್ನು ಕರೆದರು. ಮೇಸ್ತ್ರಿ ಷರಾಯಿಯ ಗುಂಡಿ ಹಾಕಿಕೊಳ್ಳುತ್ತಾ ಗೋಡೆಗೆ ಕೇಳಿದ: "ಗಾಯ ಇಲ್ಲ ಅಂದ್ರೆ ಈ ನೋವು ಯಾರದ್ದು?" ಅಲ್ಲಿದ್ದ ನರ್ಸಮ್ಮ "ಬೇಗ ಬನ್ನಿ" ಎಂದಳು.

ಡಾಕ್ಟರ ಆ ಒಂದು ಮಾತು ಮನೆಯಲ್ಲಿ ಅವನ ಬದುಕನ್ನೇ ಕೆಡಿಸಿತು. ನರಳಿದರೆ ಹೆಂಡತಿ, "ಮಾಗಿದೆ ಅಂತ ಡಾಕ್ಟ್ರೇ ಹೇಳಿದಾರಲ್ರೀ" ಎನ್ನುವಳು. ಬೆಳಿಗ್ಗೆ ಪಾಯಿಖಾನೆಯ ಬಾಗಿಲ ಮುಂದೆ ಧೈರ್ಯ ತಂದುಕೊಳ್ಳುತ್ತಾ ನಿಂತಿದ್ದರೆ, "ಒಳಗೇನು ಹುಲಿ ಇದೆಯಾ?" ಎನ್ನುವಳು. ಹುಲಿಯೇ ವಾಸಿ, ಒಂದೇ ಸಲ ತಿಂದು ಮುಗಿಸುತ್ತದೆ ಎಂದುಕೊಂಡು ಮೇಸ್ತ್ರಿ ತಿರುಗಿ ಬರುವನು. ನಾಳೆ ನೋಡೋಣ, ಇವತ್ತು ಬೇಡ. ಹಾಗೆ ತಡೆದು ತಡೆದು, ನೀರು ಕುಡಿಯುವುದಕ್ಕೂ ಹೆದರಿ, ಮರುದಿನದ ಪಾಡು ಇನ್ನೂ ಭೀಕರವಾಗುವುದು. ನೋಡಲು ಬಂದ ಅತ್ತೆಯಂತೂ, "ನಮ್ಮ ಕಾಲದಲ್ಲಿ ಇಂಥ ಕಾಯಿಲೆ ಕೇಳೇ ಇರಲಿಲ್ಲ ಅಳಿಯಂದಿರೇ" ಎಂದರು, ಕಾಯಿಲೆಯನ್ನು ಅವನೇ ಮೊನ್ನೆ ಮೊನ್ನೆ ಕಂಡುಹಿಡಿದ ಹಾಗೆ.

ಯಾರೂ ನಂಬದಿದ್ದರೆ ಬೇಡ, ನನ್ನ ಕಸುಬು ನನ್ನನ್ನು ಕೈಬಿಡುವುದಿಲ್ಲ ಎಂದು ಮೇಸ್ತ್ರಿ ಕತ್ತರಿ ಹಿಡಿದ. ಅಂಗಡಿಯ ಅತ್ಯುತ್ತಮ ಫೋಮನ್ನು ಗುಂಡಗೆ ಕತ್ತರಿಸಿ, ನಡುವೆ ತೂತು ತೆಗೆದು, ಬಳೆಯಾಕಾರದ ಒಂದು ಮೆತ್ತೆ ಮಾಡಿದ. ನೋಯುವ ಜಾಗ ತೂತಿನ ಮೇಲೆ ಬಂದರೆ ಅದಕ್ಕೆ ಏನೂ ತಾಗುವುದಿಲ್ಲ ಎಂಬುದು ಅವನ ಲೆಕ್ಕಾಚಾರ. ಮದುವಣಗಿತ್ತಿಗೆ ಹೊಲಿದ ಹಾಗೆ ಕೆಂಪು ವೆಲ್ವೆಟ್ಟು ಹೊದಿಸಿದ, ಅಂಚಿಗೆ ಬಂಗಾರದ ಬಣ್ಣದ ದಾರ ಹಾಕಿದ. ಕೂತ ಕೂಡಲೇ ಹಾಯೆನಿಸಿತು. ಸಂಜೆಯ ಹೊತ್ತಿಗೆ ಮತ್ತೆ ಉರಿ. ಬಹುಶಃ ತೂತು ಚಿಕ್ಕದಾಯಿತೆಂದು ದೊಡ್ಡದು ಮಾಡಿದ. ಇನ್ನೂ ಹೆಚ್ಚಾಯಿತು. ಅಂಚು ಕುಸಿಯುತ್ತಿದೆಯೆಂದು ಗಟ್ಟಿ ಫೋಮು ತುಂಬಿದ. ಮತ್ತೂ ಹೆಚ್ಚಾಯಿತು. ಚೀಲದಲ್ಲಿ ಹಾಕಿಕೊಂಡು ಹೋದಲ್ಲೆಲ್ಲ ಒಯ್ಯುತ್ತಿದ್ದ. ಊಟಕ್ಕೂ ಅದೇ, ಕತ್ತರಿ ಕೆಲಸಕ್ಕೂ ಅದೇ.

"ಇನ್ನೂ ಸ್ವಲ್ಪ ದೊಡ್ಡದು ಮಾಡಿ, ಪೂರ್ತಿ ನೀವೇ ಒಳಗೆ ಬೀಳ್ತೀರ" ಎಂದಳು ಹೆಂಡತಿ.

"ನಗು, ನಗು. ನಿನಗೆ ಬಂದಿದ್ರೆ ಗೊತ್ತಾಗ್ತಿತ್ತು."

"ಎರಡು ಹೆತ್ತಿದೀನಿ ಕಣ್ರೀ, ನನಗೆ ನೋವಿನ ಪಾಠ ಹೇಳ್ಬೇಡಿ."

ಆ ಅಸ್ತ್ರಕ್ಕೆ ಯಾವ ಗಂಡನ ಬಳಿಯೂ ಎದುರಸ್ತ್ರವಿಲ್ಲ. ಮೇಸ್ತ್ರಿ ಚೀಲ ಹೆಗಲಿಗೇರಿಸಿ ಸೀದಾ ಆಸ್ಪತ್ರೆಗೆ ನಡೆದ. ಇವತ್ತು ಒಂದೋ ನೋವಿದೆಯೆಂದು ಆ ಡಾಕ್ಟರು ಒಪ್ಪಿಕೊಳ್ಳಬೇಕು, ಇಲ್ಲವೇ ಅವರ ಕಣ್ಣೆದುರೇ ತಾನು ಕೂತು ನರಳಿ ತೋರಿಸಬೇಕು.

ಒಳಗೆ ಹೋದವನೇ ಮೇಜಿನ ಮೇಲೆ, ಡಾಕ್ಟರ ಸ್ಟೆತಾಸ್ಕೋಪಿನ ಪಕ್ಕದಲ್ಲಿ, ಕೆಂಪು ಬಳೆಮೆತ್ತೆಯನ್ನು ಧೊಪ್ಪನೆ ಇಟ್ಟ. "ನೋವೇ ಇಲ್ಲದವನು ಇಂಥಾದ್ದು ಹೊಲ್ಕೊಂಡು ತಿರುಗ್ತಾನಾ, ಹೇಳಿ!"

ಡಾಕ್ಟರು ಕನ್ನಡಕ ಸರಿಪಡಿಸಿಕೊಂಡು ಅದನ್ನು ತಿರುಗಿಸಿ ನೋಡಿದರು. "ತುಂಬಾ ಚೆನ್ನಾಗಿದೆ. ಯಾರು ಮಾಡಿದ್ದು?"

"ನಾನೇ."

"ಇದರ ಮೇಲೆ ಎಷ್ಟು ಹೊತ್ತು ಕೂರ್ತೀರಿ?"

"ಇಡೀ ದಿನ."

"ಬಿಸಾಕಿ ಇದನ್ನ."

ಮೇಸ್ತ್ರಿಗೆ ಕೆನ್ನೆಗೆ ಹೊಡೆದಂತಾಯಿತು. ಡಾಕ್ಟರು ಸಮಾಧಾನವಾಗಿ ಬಿಡಿಸಿ ಹೇಳಿದರು. ತೂತಿನ ಮೇಲೆ ಆ ಜಾಗಕ್ಕೆ ಆಧಾರವೇ ಇರುವುದಿಲ್ಲ. ಸುತ್ತಲಿನ ಅಂಚು ಒತ್ತಿದಷ್ಟೂ ನಡುವಿನ ಚರ್ಮ ಎಳೆಯುತ್ತದೆ, ರಕ್ತ ಅಲ್ಲೇ ಕಟ್ಟಿಕೊಳ್ಳುತ್ತದೆ. ಜೊತೆಗೆ ಪಾಯಿಖಾನೆಗೆ ಹೆದರಿ ತಡೆದಿದ್ದು ಬೇರೆ. ಗಾಯ ಮಾಗಿದೆ, ನಿಜ. ಆದರೆ ಒಳಗಿನ ಸ್ನಾಯು ಇನ್ನೂ ಹೆದರಿ ಮುಷ್ಟಿ ಹಿಡಿದ ಹಾಗೆ ಬಿಗಿದುಕೊಂಡಿದೆ. ಅದೇ ನೋಯುತ್ತಿರುವುದು.

"ಅಂದ್ರೆ ನೋವು ನಿಜ?"

"ನಿಜವೇ."

"ಹೋದ ಸಲ ಇಲ್ಲ ಅಂದ್ರಿ!"

"ಗಾಯ ಇಲ್ಲ ಅಂದೆ."

"ನಾನು ಕೇಳಿದ್ದು ನೋವಿನ ವಿಷಯ! ಏನು ತಿಂತೀಯ, ಯಾವುದರ ಮೇಲೆ ಕೂರ್ತೀಯ ಅಂತ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲ ಕಡೆ ಕತ್ತು ತಿರುಗಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟು, "ಕೇಳಬೇಕಿತ್ತು. ತಪ್ಪಾಯಿತು" ಎಂದರು. ಮೇಸ್ತ್ರಿ ಇದಕ್ಕೆ ಸಿದ್ಧನಾಗಿರಲಿಲ್ಲ. ಮನೆಯಿಂದ ಹೊರಟಾಗ ಹೊಂದಿಸಿಕೊಂಡಿದ್ದ ಬೈಗುಳಗಳು ಇನ್ನೂ ಅರ್ಧಕ್ಕರ್ಧ ಹಾಗೇ ಉಳಿದುಬಿಟ್ಟವು. ಬೆಚ್ಚಗಿನ ನೀರಿನಲ್ಲಿ ಕೂರುವುದು, ಸ್ನಾಯು ಸಡಿಲಿಸುವ ಮುಲಾಮು, ಹೊಟ್ಟೆ ತುಂಬ ನೀರು, ಬಂದಾಗ ತಡೆಯದಿರುವುದು, ಆಗಾಗ ಎದ್ದು ಓಡಾಡುವುದು ಎಂದೆಲ್ಲ ಬರೆಸಿಕೊಂಡು ಬಂದ. ನಿಧಾನವಾಗುತ್ತದೆ, ಆದರೆ ಆಗುತ್ತದೆ ಎಂದಿದ್ದರು.

ಉಳಿದ ಸಿಟ್ಟನ್ನೆಲ್ಲ ದಾರಿಯುದ್ದಕ್ಕೂ ತನ್ನ ಮೇಲೇ ತೀರಿಸಿಕೊಂಡ. ಪರವೂರಿನ ವೈರಿಯೂ ಇಷ್ಟು ಅಚ್ಚುಕಟ್ಟಾಗಿ ಹಿಂಸೆ ಕೊಡುತ್ತಿರಲಿಲ್ಲ. ನನ್ನದೇ ಕತ್ತರಿ, ನನ್ನದೇ ಫೋಮು, ಮೇಲೆ ವೆಲ್ವೆಟ್ಟು ಬೇರೆ!

ದಿನ ಕಳೆದಂತೆ ಉರಿ ಇಳಿಯಿತು, ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ಅಂಗಡಿಯಲ್ಲಿ ಸಿನಿಮಾ ಥಿಯೇಟರಿನ ಕುರ್ಚಿಗಳು ತಯಾರಾಗಿ ಗೋಡೆಯುದ್ದಕ್ಕೂ ನಿಂತಿದ್ದವು. ಭಾಮೈದ ಎಲ್ಲಕ್ಕೂ ಗೀಟು ಎಳೆದಾಗಿತ್ತು. ಸಂಜೆ ಥಿಯೇಟರಿನ ಮ್ಯಾನೇಜರು ಲಾರಿ ತರುವವನಿದ್ದ. ಹೆಂಡತಿ ಊಟದ ಡಬ್ಬಿ ಹಿಡಿದು ಆಗತಾನೆ ಬಂದಿದ್ದಳು. ಮೇಸ್ತ್ರಿ ಮೊದಲ ಕುರ್ಚಿಯ ಮುಂದೆ ನಿಂತ, ಉಸಿರು ಎಳೆದುಕೊಂಡ, ಕಣ್ಣು ಮುಚ್ಚಿ ಕೂತ.

"ಅಯ್ಯಪ್ಪಾ!"

ಎದ್ದುಬಿಟ್ಟ. "ಈ ಕುರ್ಚಿ ಸರಿ ಇಲ್ಲ."

ಭಾಮೈದ ಬಾಯಿಗೆ ಕೈ ಅಡ್ಡ ಹಿಡಿದ. ನಗು ಬೆರಳುಗಳ ಸಂದಿಯಿಂದ ಸೋರಿತು. "ಭಾವ, ಅದು ಕುರ್ಚಿದಲ್ಲ. ನಿಮ್ದು."

ಮೇಸ್ತ್ರಿಯ ಮೈಯೆಲ್ಲ ಉರಿದುಹೋಯಿತು. ಆದರೆ ಆ ಉರಿಯ ಜೊತೆಗೆ ಒಂದು ಭಯವೂ ಇತ್ತು: ಇವನು ಹೇಳುವುದು ನಿಜವಾಗಿದ್ದರೆ? ನೋವು ಕುರ್ಚಿಯದೋ ತನ್ನದೋ ಎಂದು ತನಗೇ ತಿಳಿಯದಿದ್ದರೆ ಇನ್ನು ಈ ಅಂಗಡಿಯಲ್ಲಿ ತನ್ನ ಕೆಲಸ ಬಾಗಿಲು ತೆಗೆದು ಮುಚ್ಚುವುದಷ್ಟೇ. ಮೂಲೆಯಲ್ಲಿ ಅವನದೇ ಹಳೆಯ ಕುರ್ಚಿಯಿತ್ತು, ಅವನೇ ಕಟ್ಟಿದ್ದು, ವರ್ಷಗಟ್ಟಲೆ ಕೂತಿದ್ದು. ಹೋಗಿ ಅದರ ಮೇಲೆ ಕೂತ. ನೋಯಿತು. ಎದ್ದು ಬಂದು ಥಿಯೇಟರಿನ ಕುರ್ಚಿಯ ಮೇಲೆ ಕೂತ. ನೋಯಿತು. ಮತ್ತೆ ಹಳೆಯದರ ಮೇಲೆ ಕೂತ. ಮುಖ ಕಿವುಚಿಕೊಂಡು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಅವನು ಓಡಾಡುವುದನ್ನು ಅಕ್ಕ ತಮ್ಮ ಇಬ್ಬರೂ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಬೇರೆ ಬೇರೆ" ಎಂದ ಮೇಸ್ತ್ರಿ ಕೊನೆಗೆ. "ನಂದು ಒಳಗಿಂದ ಹೊರಗೆ ಬರುತ್ತೆ, ಕೆಂಡದ ಹಾಗೆ. ಇದು ಹೊರಗಿಂದ ಒಳಗೆ ಬರ್ತಿದೆ. ಎಡಗಡೆ ತೊಡೆ ಹತ್ರ ಏನೋ ಗಟ್ಟಿಯಾಗಿ ಒತ್ತುತ್ತೆ."

"ನೋವಲ್ಲೂ ಜಾತಿ ವಿಂಗಡಿಸ್ತೀರಲ್ಲ ಭಾವ" ಎಂದ ಭಾಮೈದ. "ನಾನು ಎಲ್ಲದರ ಮೇಲೂ ಕೂತಿದೀನಿ. ಸ್ವರ್ಗ."

"ನೀನು ಕೂತರೆ ಕುರ್ಚಿಗೇ ನೋವಾಗಬೇಕು."

ಇಬ್ಬರ ದನಿಯೂ ಏರಿತು. ಗ್ಯಾರೇಜಿನವನು ಕೆಲಸ ಬಿಟ್ಟು ಬಾಗಿಲಿಗೆ ಬಂದ. ಆಗ ಹೆಂಡತಿ ಡಬ್ಬಿಯನ್ನು ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಯಾರನ್ನೂ ಕೇಳದೆ, ಸೀರೆ ಸರಿಮಾಡಿಕೊಂಡು ಆ ಕುರ್ಚಿಯ ಮೇಲೆ ಕೂತಳು. ಗಂಡನ ಹಾಗೆಯೇ ಕಣ್ಣು ಮುಚ್ಚಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಭಾರ ಬಿಟ್ಟಳು. ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ.

"ಎಡಗಡೆ ಒತ್ತುತ್ತೆ ಕಣೋ" ಎಂದಳು ತಮ್ಮನಿಗೆ. "ಬಿಚ್ಚು."

ಬಿಚ್ಚಿದರು. ಫೋಮನ್ನು ಹೊರುವ ನೇಯ್ಗೆಪಟ್ಟಿಯನ್ನು ಎಡಗಡೆ ಬಿಗಿಯಾಗಿ ಎಳೆಯದೆ ಮೊಳೆ ಹೊಡೆಯಲಾಗಿತ್ತು. ಕೂತಾಗ ಪಟ್ಟಿ ಜೋತು ಬಿದ್ದು, ಮೆತ್ತೆ ಸೀದಾ ಚೌಕಟ್ಟಿನ ಮರಕ್ಕೆ ತಾಗುತ್ತಿತ್ತು. ಭಾಮೈದ ಅದನ್ನು ಬೆರಳಿನಿಂದ ಮೀಟಿ ನೋಡಿದ, ಅವನ ಕಿವಿಗಳು ಕೆಂಪಾದವು. ಜೇಬಿನಿಂದ ಸೀಮೆಸುಣ್ಣ ತೆಗೆದು ಭಾವನ ಮುಂದೆ ಹಿಡಿದ.

ಬೈಯಲು ಇದಕ್ಕಿಂತ ಒಳ್ಳೆಯ ಸಮಯ ಮೇಸ್ತ್ರಿಗೆ ಜನ್ಮದಲ್ಲಿ ಸಿಗುವಂತಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಮಿಕ್ಕಿದ್ದ ದಾಸ್ತಾನೂ ಇತ್ತು. ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಕೇಳಿದಳು: "ಈಗಲೂ ನೋಯ್ತಿದೆಯಾ?"

"ನೋಯ್ತಿದೆ." ಇನ್ನು ಡಾಕ್ಟರ ಮಾತು ಬರುತ್ತದೆ, ಹೆರಿಗೆಯ ಮಾತು ಬರುತ್ತದೆ ಎಂದು ಕಾದ.

"ಹೂಂ. ನೋಯ್ತಿರುತ್ತೆ" ಎಂದಳು ಅವಳು. ಅಷ್ಟೇ. ಆಮೇಲೆ ಬಾಗಿಲಲ್ಲಿ ನಿಂತಿದ್ದವನಿಗೆ, "ನಿಮಗೇನ್ರೀ ಕೆಲಸ ಇಲ್ವಾ? ಅದು ಮೂಲವ್ಯಾಧಿ ಅಲ್ಲ, ಬಿರುಕು" ಎಂದು ಇಡೀ ಬೀದಿಗೆ ಕೇಳುವ ಹಾಗೆ ಹೇಳಿದಳು.

ಮೇಸ್ತ್ರಿ ಬಾಯಿ ಮುಚ್ಚಿ ಸೀಮೆಸುಣ್ಣ ತೆಗೆದುಕೊಂಡ. ಭಾಮೈದನ ಗೀಟುಗಳನ್ನೆಲ್ಲ ಅವನ ಕೈಯಿಂದಲೇ ಒದ್ದೆ ಬಟ್ಟೆಯಲ್ಲಿ ಒರೆಸಿಸಿದ. ಲಾರಿ ಬಂದರೆ ಕಾಯಲಿ. ಎರಡನೆಯ ಕುರ್ಚಿಯ ಮುಂದೆ ಬೆನ್ನು ತಿರುಗಿಸಿ ನಿಂತು, ಕಣ್ಣು ಮುಚ್ಚಿ, ಅದರ ತೋಳುಗಳನ್ನು ಗಟ್ಟಿಯಾಗಿ ಹಿಡಿದು ಕೂತ. ಹುಬ್ಬು ಗಂಟಿಕ್ಕಿತು. ಹಲ್ಲು ಕಟಕಟ ಎಂದಿತು. ಕಣ್ಣಂಚಿನಲ್ಲಿ ನೀರು ಚಿಮ್ಮಿತು.

ಭಾಮೈದ ಮೊಳೆ ಕೀಳುವ ಇಕ್ಕಳ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ಕೇಳಿದ: "ಭಾವ, ಇದು ಯಾರದ್ದು?"

"ಇದು ನಂದೇ ಕಣೋ" ಎಂದ ಮೇಸ್ತ್ರಿ. "ಕುರ್ಚಿ ಪಾಸು."