ಕಾಡಿನ ಹುಡುಗಿಗೆ ನಾನು ಮಾಡಿದ ಬಾಣಂತನ

ನಾನು ಓದಿದ್ದು ಮೂರನೇ ತರಗತಿ. ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಒಂದೊಂದೇ ಸಾಲು ಬರೆಯುತ್ತೇನೆ. ಇದನ್ನು ಬರೆಯಲು ನನಗೆ ಹತ್ತು ದಿನ ಹಿಡಿಯಿತು. ಬಂಡೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಸಿಕ್ಕಿದವರಿಗೆಲ್ಲ ಬಾಯಲ್ಲಿ ಹೇಳಿ ಮುಗಿಸಿದ್ದೇನೆ. ಈಗ ನನ್ನನ್ನು ಕಂಡರೆ ಜನ ಬೇರೆ ಬೀದಿ ಹಿಡಿಯುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಬೇಸಿಗೆ ರಜದಲ್ಲಿ ಮೊಮ್ಮಗಳು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡಳು. ಅವಳಿಗೆ ಹದಿಮೂರು ವರ್ಷ. ಮಗಳು ಅಳಿಯ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆ ಸೇರುವುದು ಸಂಜೆಗೆ. ಕುರಿಗಳನ್ನು ತಮ್ಮನ ಹೆಂಡತಿಗೆ ಒಪ್ಪಿಸಿ, ಒಂದು ಚೀಲ ರಾಗಿ ಹಿಟ್ಟು ಹೊತ್ತುಕೊಂಡು, ಮಳವಳ್ಳಿಯಲ್ಲಿ ಬಸ್ಸು ಹತ್ತಿ ಮಂಡ್ಯದ ಗುತ್ತಲಿನ ಅವರ ಮನೆಗೆ ಹೋದೆ.

ಹೋದ ಮಾರನೇ ದಿನ ಮೊಮ್ಮಗಳು ಮಂಚದ ಮೇಲಿಂದಲೇ ಕರೆದಳು.

"ಅಜ್ಜಿ, ನಿನ್ ಬಲಗೈ ಕೊಡು. ನನ್ ಹುಡುಗಿ ಸಾಯ್ತಾವ್ಳೆ."

ಓಡಿಹೋಗಿ ನೋಡಿದರೆ ಫೋನಿನಲ್ಲಿ ಒಂದು ಕಾಡು. ಹಿಮ ಬೀಳುತ್ತಿದೆ. ಮರದ ದಿಮ್ಮಿಯ ಗುಡಿಸಲ ಮುಂದೆ ಒಬ್ಬಳು ಹುಡುಗಿ ತೆಳ್ಳನೆಯ ಬಟ್ಟೆಯಲ್ಲಿ ಕೂತಿದ್ದಾಳೆ. ಅದು ಆಟ. ಆ ಹುಡುಗಿ ಒಂಟಿಯಾಗಿ ಕಾಡಿನಲ್ಲಿ ನೂರು ದಿನ ಬದುಕಬೇಕು. ಮೊಮ್ಮಗಳು ಅವಳನ್ನು ತೊಂಬತ್ತೊಂದನೇ ದಿನಕ್ಕೆ ತಂದು, ಆಮೇಲೆ ಕೈ ಮುರಿದುಕೊಂಡಿದ್ದಾಳೆ.

"ಪ್ಲಾಸ್ಟರ್ ಬಿಚ್ಚಿದ ಮೇಲೆ ಆಡ್ಕಳವ್ವ," ಅಂದೆ.

"ಸ್ಕೂಲ್ ಸುರುವಾಗೋ ದಿನ ಆಟ ಅಳಿಸ್ತೀನಿ ಅಂದವ್ಳೆ ಅಮ್ಮ. ಪ್ಲಾಸ್ಟರ್ ಬಿಚ್ಚೋದು ಅದಾದ್ಮೇಲೆ. ನಮ್ ಕ್ಲಾಸಲ್ಲಿ ಯಾರೂ ನೂರು ಮುಟ್ಟಿಲ್ಲ ಕಣಜ್ಜಿ. ಒಂದ್ಸಲ ಸತ್ರೆ ಎಲ್ಲಾ ಓಯ್ತು, ಮೊದಲ್ನೇ ದಿನದಿಂದ ಆಡ್ಬೇಕು."

ಅವಳ ಕಣ್ಣು ತುಂಬಿತ್ತು. ಕೈ ಮುರಿದಾಗಲೂ ಅವಳು ಅತ್ತಿರಲಿಲ್ಲವಂತೆ. ನಾನು ಪಕ್ಕದಲ್ಲಿ ಕೂತು ಬಲಗೈ ಕೊಟ್ಟೆ. ಫೋನಿನ ಎಡಗಡೆ ಅವಳ ಹೆಬ್ಬೆರಳು, ಬಲಗಡೆ ನನ್ನದು. ನಡೆಸುವುದು ಅವಳು. ಕೀಳುವುದು, ಕತ್ತರಿಸುವುದು, ಬೆಂಕಿ ಹಚ್ಚುವುದು, ತಿನ್ನಿಸುವುದು ನಾನು. ಕುರಿ ಉಣ್ಣೆ ಕತ್ತರಿಸಿ ಒರಟಾದ ನನ್ನ ಹೆಬ್ಬೆರಳನ್ನು ಆ ಗಾಜು ಒಂದೊಂದು ಸಲ ಒಪ್ಪುತ್ತಿರಲಿಲ್ಲ. ಸೆರಗಿಗೆ ಒರೆಸಿ ಒರೆಸಿ ಒತ್ತುತ್ತಿದ್ದೆ. ನನ್ನ ಜೀವಮಾನದಲ್ಲಿ ಒಬ್ಬರ ಮೈಗೆ ಅಷ್ಟು ಒತ್ತಿಕೊಂಡು, ಅಷ್ಟು ಹೊತ್ತು, ಅಷ್ಟು ಖುಷಿಯಲ್ಲಿ ಕೂತ ನೆನಪಿಲ್ಲ.

ಮೊದಲ ಆಘಾತ ಆವತ್ತೇ ಆಯಿತು. ಮೊಮ್ಮಗಳು ಹುಡುಗಿಯನ್ನು ಒಂದು ಪೊದೆಯ ಹತ್ತಿರ ನಡೆಸಿ, "ಕಿತ್ತು ತಿನ್ಸು" ಅಂದಳು. ತೊಳೆಯದ ಕೆಂಪು ಕಾಡುಹಣ್ಣು. ಹಿಂದೆಯೇ ಹಸಿ ಸೊಪ್ಪು, ಹಸಿ ಗೆಡ್ಡೆ.

"ಬೇಯ್ಸಕ್ಕೆ ಬೆಂಕಿ ಇಲ್ವಾ?"

"ಅದೆ. ಆದ್ರೆ ಎಲ್ಲಾನೂ ಬೇಯಿಸ್ಬಾರ್ದು. ಈ ಮೂಲೇಲಿರೋ ಗುರುತು ನೋಡು. ಇದು ಹೃದಯ, ಎಲ್ಲಾ ಮುಗುದ್ರೆ ಸಾಯ್ತಾಳೆ. ಇದು ಹೊಟ್ಟೆ, ಇದು ಎಲೆ. ಬೇಯ್ಸಿದ್ದು ತಿಂದ್ರೆ ಹೊಟ್ಟೆ ತುಂಬ್ತದೆ. ಹಸೀದು ತಿಂದ್ರೆ ಎಲೆ ತುಂಬ್ತದೆ. ಎಲೆ ಕೆಂಪಾದ್ರೆ ರೋಗ ಬತ್ತದೆ, ದಿನಕ್ಕೊಂದು ಹೃದಯ ಓಯ್ತದೆ. ಅದ್ಕೆ ಆ ಕಲ್ಲುಪೆಟ್ಗೇಲಿ ಹಸೀದು ಕೂಡಿಟ್ಟಿರೋದು."

ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನಗೆ ಕಾಣುತ್ತಿದ್ದುದು ಚಳಿಯಲ್ಲಿ ನಡುಗುವ ಒಂದು ಹೆಣ್ಣುಜೀವ ಮಾತ್ರ.

ಮಧ್ಯಾಹ್ನ ಊಟವಾಗಿ, ನೋವಿನ ಮಾತ್ರೆ ನುಂಗಿ ಮೊಮ್ಮಗಳು ಮಲಗಿದಳು. ಫೋನು ನನ್ನ ಮಡಿಲಲ್ಲಿತ್ತು. ನಡೆಸಲು ನನಗೆ ಬರುತ್ತಿರಲಿಲ್ಲ ನಿಜ. ಆದರೆ ಹುಡುಗಿ ಗುಡಿಸಲೊಳಗೇ ಇದ್ದಳು. ಒಲೆ ಪಕ್ಕದಲ್ಲಿ, ಪೆಟ್ಟಿಗೆ ಪಕ್ಕದಲ್ಲಿ, ಚರ್ಮದ ಹಾಸಿಗೆಯೂ ಪಕ್ಕದಲ್ಲಿ. ನಾನು ಎಷ್ಟೋ ಬಾಣಂತನ ಮಾಡಿದವಳು. ಹಸಿ ಬಾಣಂತಿಗೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಿಸಿಯಾದದ್ದು ಉಣ್ಣಿಸು, ಹೊದೆಸು, ಮಲಗಿಸು. ಹಸಿಯದು, ತಣ್ಣಗಿನದು ಹತ್ತಿರ ಸುಳಿಯಬಾರದು.

ಪೆಟ್ಟಿಗೆಯಲ್ಲಿದ್ದ ಹಣ್ಣು, ಸೊಪ್ಪು, ಗೆಡ್ಡೆ ಎಲ್ಲವನ್ನೂ ಒಂದೂ ಬಿಡದೆ ಬೇಯಿಸಿದೆ. ನೀರನ್ನೂ ಕುದಿಸಿದೆ. ತಿನ್ನಿಸಿದೆ, ಮಲಗಿಸಿದೆ. ಮಲಗಿಸಿದರೆ ಆಟದಲ್ಲಿ ಒಂದು ದಿನ ಮುಗಿದು ಬೆಳಗಾಗುತ್ತದೆ. ಮತ್ತೆ ತಿನ್ನಿಸಿದೆ, ಮತ್ತೆ ಮಲಗಿಸಿದೆ. ಹೊಟ್ಟೆಯ ಗುರುತು ತುಂಬಿ ತುಳುಕುತ್ತಿತ್ತು. ದಿನದ ಲೆಕ್ಕ ತೊಂಬತ್ತಾರಕ್ಕೆ ಬಂತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ. ಮಗು ಎದ್ದ ಕೂಡಲೇ ಏನೆಂದಾಳು ಎಂದು ಕಾಯುತ್ತಾ ಕೂತೆ.

ಎದ್ದಳು. ತೊಂಬತ್ತಾರು ನೋಡಿ ಮುಖ ಅರಳಿತು. ಮರುಕ್ಷಣ ಬಿಳಚಿಕೊಂಡಿತು.

"ಅಜ್ಜಿ, ಎಲೆ ಯಾಕೆ ಕೆಂಪಾಗದೆ?"

ಅವಳು ಎಡಗೈಯಲ್ಲಿ ಪೆಟ್ಟಿಗೆ ತೆರೆದಳು. ಖಾಲಿ. ಹುಡುಗಿಯನ್ನು ಹೊರಗೆ ನಡೆಸಿದರೆ ಅವಳು ಮುದುಕಿಯ ಹಾಗೆ ಕಾಲೆಳೆಯುತ್ತಿದ್ದಳು. ಪೊದೆಗಳೆಲ್ಲ ಹಿಮದಡಿ ಮುಚ್ಚಿಹೋಗಿದ್ದವು. ಉಳಿದಿದ್ದ ಹೃದಯ ಮೂರು, ಬೇಕಾದ ದಿನ ನಾಲ್ಕು.

"ಎಲ್ಲಾನೂ ಬೇಯ್ಸಿಬುಟ್ಯಾ?"

"ಚಳಿ ಆಯ್ತದಲ್ಲ ಅಂತ ಬೇಯಿಸ್ದೆ ಕಣವ್ವ."

ಅವಳು ಬಯ್ಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ಬಯ್ದಿದ್ದರೆ ಚೆನ್ನಾಗಿತ್ತು. ತೊಂಬತ್ತೊಂದು ದಿನ ಆ ಮಗು ಕಾಪಾಡಿದ ಜೀವವನ್ನು ನಾನು ಒಂದು ಮಧ್ಯಾಹ್ನದಲ್ಲಿ, ಅದೂ ಉಣ್ಣಿಸಿ ಉಣ್ಣಿಸಿ, ಸಾವಿನ ಬಾಗಿಲಿಗೆ ತಂದಿದ್ದೆ. ಉಂಡವರು ಉಂಡದ್ದರಿಂದಲೇ ಸೊರಗುತ್ತಾರೆ ಎನ್ನುವುದನ್ನು ನಾನು ಆವರೆಗೆ ನಂಬಿದವಳೇ ಅಲ್ಲ.

ಸಂಜೆ ಮಗಳು ಬಂದಳು. ವಿಷಯ ಕೇಳಿ, ಬ್ಯಾಗು ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಕ್ಕಳು.

"ಆ ಬೊಂಬೆಗೂ ಬಾಣಂತನ ಮಾಡ್ದಾ ಅವ್ವ? ಕಿವಿಗೆ ಬಟ್ಟೆ ಕಟ್ಲಿಲ್ವಾ?"

"ಕಟ್ಟಕ್ಕೆ ಫೋನಲ್ಲಿ ಗುಂಡಿ ಇರ್ಲಿಲ್ಲ," ಅಂದೆ.

ಅವಳು ಇನ್ನೂ ನಕ್ಕಳು. ಆಮೇಲೆ ನಗು ನಿಂತಿತು.

"ನನ್ಗೂ ಹಿಂಗೇ ಮಾಡ್ದೆ ನೀನು. ಇವ್ಳು ಹುಟ್ದಾಗ. ಮೂರು ತಿಂಗ್ಳು ಬರೀ ಮೆಣಸಿನ ಸಾರು ಅನ್ನ. ಕಿಟಕಿ ಆಚೆ ಸೀಬೆ ಮರದ ತುಂಬ ಹಣ್ಣು. ವಾಸನೆ ಬತ್ತಿತ್ತು. ಒಂದೇ ಒಂದು ಕೊಡು ಅಂದ್ರೆ ಕೊಡ್ಲಿಲ್ಲ. ವಸಡಲ್ಲಿ ರಕ್ತ ಬತ್ತದೆ ಅಂದ್ರೆ ಬೆಳ್ಳುಳ್ಳಿ ಜಾಸ್ತಿ ಹಾಕ್ದೆ. ನರ್ಸಮ್ಮ ಬಂದು ಹಣ್ಣು ಕೊಡಿ ಅಂದ್ಲು. ಅವ್ಳಿಗೆ ಕಾಫಿ ಕುಡಿಸಿ ಕಳಿಸ್ದೆ."

ನರ್ಸಮ್ಮನಿಗೆ ಕಾಫಿ ಕೊಟ್ಟದ್ದು ನೆನಪಿತ್ತು. ರಕ್ತದ ಮಾತು ನೆನಪೇ ಇರಲಿಲ್ಲ. ಹದಿಮೂರು ವರ್ಷದಿಂದ ಆ ಬಾಣಂತನವನ್ನು ನಾನು ಊರಿಗೆಲ್ಲ ಹೊಗಳಿಕೊಂಡು ತಿರುಗಿದ್ದೆ.

"ಆಗ್ಲೇ ಯಾಕೆ ಜಗಳ ಆಡ್ಲಿಲ್ಲ ನೀನು?"

"ಆಡ್ದೆ. ನಿನ್ಗೆ ಕೇಳಿಸ್ಲಿಲ್ಲ," ಎಂದು ಮಗಳು ಮುಖ ತೊಳೆಯಲು ಹೋದಳು.

ಬೆಳಿಗ್ಗೆ ಮೊಮ್ಮಗಳ ಹತ್ತಿರ ಹೋಗಿ ಕೂತೆ. "ಈಗೇನ್ ಮಾಡ್ಬೇಕು ಹೇಳು. ಈ ಸಲ ಕೇಳಿಸ್ಕೋತೀನಿ."

ಅವಳು ಫೋನು ಎತ್ತಿಕೊಂಡು ನನ್ನ ಕಡೆ ತಿರುಗಿದಳು. "ಜಿಂಕೆ ಒಂದು ಸಿಕ್ರೆ ಉಳೀತಾಳೆ. ಲಿವರ್ ಹಸೀದೇ ತಿನ್ಸಬೇಕು, ಎಲೆ ತುಂಬ್ತದೆ. ಆಗ್ತಾನೆ ಕುಯ್ದಿದ್ದಾಗಿರ್ಬೇಕು, ಹಳೇದಾದ್ರೆ ಹೊಟ್ಟೆನೋವು ಬಂದು ಸಾಯ್ತಾಳೆ. ತೊಡೆ ಮಾತ್ರ ಬೇಯ್ಸು. ನೀನ್ ತಿನ್ಸ್ತೀಯಾ?"

ನಮ್ಮಲ್ಲಿ ಕುರಿ ಕುಯ್ದ ದಿನ ಲಿವರನ್ನು ಮೊದಲು ಕೆಂಡದ ಮೇಲೆ ಸುಟ್ಟು ಮಕ್ಕಳ ಕೈಗೆ ಕೊಡುತ್ತೇವೆ. ಅದರ ಅಂಚು ಎಷ್ಟು ಕರಿಯಾಗಬೇಕೆಂದು ನನಗೆ ಕಣ್ಣುಮುಚ್ಚಿದರೂ ಗೊತ್ತು. ಹಸಿಯದನ್ನು ನಾಯಿಗೂ ಹಾಕಿದವಳಲ್ಲ ನಾನು.

"ತಿನ್ಸ್ತೀನಿ," ಅಂದೆ.

ಜಿಂಕೆ ಸಿಗುವಷ್ಟರಲ್ಲಿ ತೊಂಬತ್ತೆಂಟನೇ ದಿನ. ಉಳಿದಿದ್ದ ಹೃದಯ ಒಂದೇ. ಮೊಮ್ಮಗಳು ಕಾಲೆಳೆಯುವ ಹುಡುಗಿಯನ್ನು ಮರದ ಹಿಂದೆ ಹಿಂದೆಯೇ ನಡೆಸಿದಳು, ಉಸಿರು ಬಿಡದೆ. "ಈಗ" ಅಂದಳು. ನಾನು ಈಟಿಯ ಗುಂಡಿ ಒತ್ತಿದೆ. ಜಿಂಕೆ ಬಿತ್ತು. ನಾನು ಕುಯ್ದೆ. ಆ ಕೆಂಪು ಚೂರು ಹುಡುಗಿಯ ಕೈಗೆ ಬಂದಾಗ ನನ್ನ ಹೆಬ್ಬೆರಳು ತಾನಾಗಿಯೇ ಬೆಂಕಿಯ ಗುಂಡಿಯ ಕಡೆ ಜಾರಿತು.

"ಅಜ್ಜಿ."

"ಗೊತ್ತು. ಸುಮ್ಕಿರು."

ಬೆರಳನ್ನು ವಾಪಸು ತಂದು ಬಾಯಿಯ ಗುಂಡಿ ಒತ್ತಿದೆ. ಎಲೆ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ತಿರುಗಿತು. ಹಿಂದೆಯೇ ತೊಡೆ ಬೇಯಿಸಿ ಉಣ್ಣಿಸಿದೆ. ಹುಡುಗಿ ನೆಟ್ಟಗೆ ನಿಂತಳು, ಓಡಿದಳು. ಮೊಮ್ಮಗಳು ಮುರಿದ ಕೈಯನ್ನೇ ನನ್ನ ಹೆಗಲ ಮೇಲೆ ಹಾಕಿದಳು. ಪ್ಲಾಸ್ಟರ್ ಕುತ್ತಿಗೆಗೆ ಬಡಿದು ನೋವಾಯಿತು. ಆ ನೋವು ಇನ್ನೂ ನಾಲ್ಕು ದಿನ ಇದ್ದಿದ್ದರೂ ನನಗೆ ಬೇಸರವಿರಲಿಲ್ಲ.

ನೂರನೇ ದಿನ ಬೆಳಗಾದಾಗ ಏನೋ ದೊಡ್ಡದು ಆಗುತ್ತದೆ ಅಂದುಕೊಂಡಿದ್ದೆ. ಏನೂ ಆಗಲಿಲ್ಲ. ಮೂಲೆಯಲ್ಲಿ ನೂರು ಎಂದು ಬಂತು. ಹುಡುಗಿ ಬಾಗಿಲು ತೆರೆದು ಹಿಮ ನೋಡುತ್ತಾ ನಿಂತಳು.

"ಅಷ್ಟೇನಾ?"

"ಬದುಕವ್ಳಲ್ಲಜ್ಜಿ," ಅಂದಳು ಮೊಮ್ಮಗಳು. ಹೌದಲ್ಲ ಅನ್ನಿಸಿತು.

ಆ ಮಧ್ಯಾಹ್ನ ಅವಳು ಮಲಗಿದ ಮೇಲೆ ಫೋನು ಮುಟ್ಟಲಿಲ್ಲ. ಬಾಗಿಲು ಎಳೆದುಕೊಂಡು ಮಾರ್ಕೆಟ್ಟಿಗೆ ಹೋದೆ. ಬೇಸಿಗೆಯಲ್ಲಿ ಸೀಬೆ ಅಪರೂಪ. ನಾಲ್ಕು ಗಾಡಿ ಅಲೆದು, ಸಾಬರ ಹಣ್ಣಿನಂಗಡಿಯೊಂದರಲ್ಲಿ ಆರು ಸಿಕ್ಕಿದವು. ಸಂಜೆ ಮಗಳು ಬಂದು ಚಪ್ಪಲಿ ಬಿಡುವಾಗಲೇ ತಟ್ಟೆ ಮುಂದೆ ಹಿಡಿದೆ. ಹೆಚ್ಚಿದ ಸೀಬೆಕಾಯಿ, ಮೇಲೆ ಉಪ್ಪು, ಖಾರದ ಪುಡಿ.

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು.

"ಬೇಯ್ಸಿಲ್ಲ ತಾನೆ?" ಅಂದಳು.

"ಇಲ್ಲ ಕಣ್ ಮಗ. ತಿನ್ನು."

ನಿಂತಲ್ಲೇ ಎಲ್ಲವನ್ನೂ ತಿಂದಳು. ಒಂದು ಚೂರೂ ನಮಗೆ ಉಳಿಸಲಿಲ್ಲ.